ಲಾರಿ ನಾಝಲ್ ಬಿಚ್ಚೋದು, ಕ್ಲೀನ್ ಮಾಡೋದು, ಟೆಸ್ಟ್ ಮಾಡಿ ವಾಪಸ್ ಕೂರಿಸೋದು: ಶುರುವಿಂದ ಕೊನೇವರೆಗೂ

ಗಾಡಿ ಲೋಡ್ ಎಳೀತಿಲ್ಲ, ಘಾಟಿ ಹತ್ತುವಾಗ ಕರೀ ಹೊಗೆ, ಮೈಲೇಜ್ ಬಿದ್ದಿದೆ ಅಂದ ತಕ್ಷಣ ಪಕ್ಕದಲ್ಲಿರೋರು ಯಾರಾದ್ರೂ "ನಾಝಲ್ ಕ್ಲೀನ್ ಮಾಡ್ಸಣ್ಣ" ಅಂತಾರೆ. ನಾಝಲ್ ಅಂದ್ರೆ ಸಿಲಿಂಡರ್ ಒಳಗೆ ಡೀಸೆಲನ್ನ ಮಂಜಿನ ಥರ ಚಿಮ್ಮಿಸೋ ಪಾರ್ಟ್. ಸರಿ ಅಂತ ಗ್ಯಾರೇಜಿಗೆ ಬಿಟ್ರೆ ನಾಝಲ್ ಬಿಚ್ಚಿ, ತುದೀನ ವೈರ್ ಬ್ರಷ್‌ನಲ್ಲಿ ಉಜ್ಜಿ, ಡೀಸೆಲ್‌ನಲ್ಲಿ ಅದ್ದಿ, ಹಳೇ ವಾಷರ್ ಮೇಲೇ ಕೂರಿಸಿ ಕಳಿಸ್ತಾರೆ, ದುಡ್ಡು ಹೋಯ್ತು, ಗಾಡಿ ಹಾಗೇ ಇರತ್ತೆ, ಎಷ್ಟೋ ಸಲ ಮುಂಚೆಗಿಂತ ಕೆಟ್ಟಿರತ್ತೆ. ಅದಕ್ಕೇ ಮೊದಲೇ ಹೇಳ್ಬಿಡ್ತೀನಿ, ಟೆಸ್ಟ್ ಸ್ಟ್ಯಾಂಡ್ (ಗೇಜ್ ಇರೋ ಕೈ ಪಂಪ್) ಮೇಲೆ ಹಾಕಿ ಪ್ರೆಶರ್ ಎಷ್ಟು, ಸ್ಪ್ರೇ ಹೇಗೆ, ತೊಟ್ಟಿಕ್ಕತ್ತಾ ಇಲ್ವಾ ಅಂತ ನೋಡದೇ ವಾಪಸ್ ಹಾಕಿದ ನಾಝಲ್ ಕ್ಲೀನ್ ಆಗಿಲ್ಲ ಅಂತಾನೇ ಲೆಕ್ಕ, ತುದಿ ಎಷ್ಟೇ ಪಳಪಳ ಹೊಳೀಲಿ.

ಇಲ್ಲಿ ಮುಖ್ಯವಾಗಿ ಹೇಳೋದು ಮೆಕ್ಯಾನಿಕಲ್ ಪಂಪ್ ಇರೋ ಗಾಡಿಗಳ ಬಗ್ಗೆ, ಅಂದ್ರೆ ಹಳೇ ಟಾಟಾ 407, 1109, 1613, ಲೇಲ್ಯಾಂಡ್ ಕಾಮೆಟ್ ಥರದವು, ಎಂಜಿನ್ ಪಕ್ಕದಲ್ಲಿ ಉದ್ದಕ್ಕೆ ಇನ್‌ಲೈನ್ ಪಂಪ್ ಕೂತಿರತ್ತಲ್ಲ ಅವು. ನಮ್ಮ ಕಡೆ ಇದನ್ನ ಇವತ್ತಿಗೂ ಮೈಕೋ ಪಂಪ್ ಅಂತಾನೇ ಕರೀತಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸ್ಕೊಂಡ್ರೂ ಗ್ಯಾರೇಜ್‌ನಲ್ಲಿ ಹಳೇ ಹೆಸರು ಹೋಗಿಲ್ಲ. ಹೊಸ ಕಾಮನ್ ರೈಲ್ ಗಾಡಿಗಳ (ಎಲ್ಲ ಸಿಲಿಂಡರ್‌ಗೂ ಒಂದೇ ಹೈ ಪ್ರೆಶರ್ ಪೈಪಿಂದ ಡೀಸೆಲ್ ಹೋಗಿ, ಕಂಪ್ಯೂಟರ್ ಅದನ್ನ ನಿಯಂತ್ರಿಸೋ ಗಾಡಿಗಳು) ವಿಷಯ ಪೂರ್ತಿ ಬೇರೆ, ಅದನ್ನ ಕೊನೇಲಿ ಹೇಳ್ತೀನಿ, ಅವುಗಳ ಮೇಲೆ ಈ ಮೊದಲ ಭಾಗದ ಯಾವ ಪ್ರಯೋಗಾನೂ ಮಾಡಕ್ಕೆ ಹೋಗ್ಬೇಡಿ.

ಕೈ ಜೋಪಾನ, ಇದು ಎಲ್ಲಕ್ಕಿಂತ ಮೊದ್ಲು

ನಾಝಲ್‌ನಿಂದ ಬರೋ ಸ್ಪ್ರೇ ಎದುರು ಯಾವತ್ತೂ ಕೈ ಇಡ್ಬೇಡಿ. ಹಳೇ ಗಾಡಿ ನಾಝಲ್ ಸುಮಾರು 180ರಿಂದ 250 ಬಾರ್ ಪ್ರೆಶರ್‌ಗೆ ತೆರೆಯತ್ತೆ, ಟೈರ್‌ಗೆ ಹಾಕೋ ಗಾಳಿ 7-8 ಬಾರ್ ಅಂತ ನೆನಪಿಟ್ಕೊಂಡ್ರೆ ಇದು ಎಷ್ಟು ಅಂತ ಗೊತ್ತಾಗತ್ತೆ. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗತ್ತೆ, ಮೇಲೆ ನೋಡಿದ್ರೆ ಸೂಜಿ ಚುಚ್ಚಿದಷ್ಟೇ ಗುರುತು, ಶುರುವಲ್ಲಿ ನೋವೂ ಅಷ್ಟಿರಲ್ಲ, ಆದ್ರೆ ಒಳಗೆ ಮಾಂಸ ಸಾಯ್ತಾ ಹೋಗಿ ಬೆರಳನ್ನೇ ತೆಗೀಬೇಕಾಗಿ ಬರಬಹುದು. ಹಾಗೇನಾದ್ರೂ ಆದ್ರೆ ಅರಿಶಿನ ಹಚ್ಚಿ ಬಟ್ಟೆ ಕಟ್ಕೊಂಡು ಕೂರೋದಲ್ಲ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಿ "ಹೈ ಪ್ರೆಶರ್ ಡೀಸೆಲ್ ಕೈಯೊಳಗೆ ಹೋಗಿದೆ" ಅಂತ ಸ್ಪಷ್ಟವಾಗಿ ಹೇಳ್ಬೇಕು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ, ಮತ್ತೆ ಸ್ಪ್ರೇ ಆಗಿ ಗಾಳೀಲಿ ತೇಲೋ ಡೀಸೆಲ್ ಮಂಜು ಬೇಗ ಬೆಂಕಿ ಹಿಡಿಯತ್ತೆ, ಬೀಡಿ ಸಿಗರೇಟು ದೂರ.

ನಿಜವಾಗ್ಲೂ ನಾಝಲ್ ತೊಂದ್ರೇನಾ?

ಸುಮ್ನೆ ಅನುಮಾನದ ಮೇಲೆ ನಾಝಲ್ ಬಿಚ್ಬೇಡಿ. ಏರ್ ಫಿಲ್ಟರ್ ಕಟ್ಟಿದ್ರೂ ಕರೀ ಹೊಗೆ ಬರತ್ತೆ, ಟರ್ಬೋ ಹೋಸ್ ಸೀಳಿದ್ರೂ ಬರತ್ತೆ, ಡೀಸೆಲ್ ಫಿಲ್ಟರ್ ಕಟ್ಟಿದ್ರೆ ಗಾಡಿ ಎಳೆಯಲ್ಲ, ಸಕ್ಷನ್ ಪೈಪ್‌ನಲ್ಲಿ ಏರ್ ಎಳೀತಿದ್ರೆ ಐಡ್ಲಿಂಗ್ ಏರುಪೇರಾಗತ್ತೆ. ಇವನ್ನೆಲ್ಲ ನೋಡೋಕೆ ಅರ್ಧ ಗಂಟೆ ಸಾಕು, ಖರ್ಚೂ ಕಮ್ಮಿ, ಮೊದ್ಲು ಇವು. ಹೊಗೆ ಬಣ್ಣದಿಂದಲೂ ಸ್ವಲ್ಪ ಗೊತ್ತಾಗತ್ತೆ. ಲೋಡ್‌ನಲ್ಲಿ ಕರೀ ಹೊಗೆ ಅಂದ್ರೆ ಡೀಸೆಲ್ ಪೂರ್ತಿ ಉರೀತಿಲ್ಲ, ಗಾಳಿ ಕಮ್ಮಿ ಇರಬೇಕು ಇಲ್ಲಾ ಸ್ಪ್ರೇ ಕೆಟ್ಟಿರಬೇಕು. ಬೆಳಗ್ಗೆ ಸ್ಟಾರ್ಟ್ ಮಾಡ್ದಾಗ ಬಿಳೀ ಹೊಗೆ, ಕಣ್ಣುರಿ ಬರ್ಸೋ ಡೀಸೆಲ್ ವಾಸನೆ ಇದ್ರೆ ಸ್ಪ್ರೇ ಕೆಟ್ಟಿರಬಹುದು, ಕಂಪ್ರೆಷನ್ ಕಮ್ಮಿ ಇರಬಹುದು, ಪಂಪ್ ಟೈಮಿಂಗ್ ಹಿಂದೆ ಬಿದ್ದಿರಬಹುದು. ನೀಲಿ ಹೊಗೆ ಎಂಜಿನ್ ಆಯಿಲ್ ಉರೀತಿರೋದು, ಅದಕ್ಕೂ ನಾಝಲ್‌ಗೂ ಸಂಬಂಧ ಇಲ್ಲ. ಇನ್ನೊಂದು ಗಮನಿಸಬೇಕಾದ್ದು ಡಿಪ್‌ಸ್ಟಿಕ್. ಆಯಿಲ್ ಲೆವೆಲ್ ಇಳಿಯೋ ಬದ್ಲು ಏರ್ತಿದ್ರೆ, ಮೂಸಿದ್ರೆ ಡೀಸೆಲ್ ವಾಸನೆ ಬಂದ್ರೆ, ಯಾವುದೋ ನಾಝಲ್ ತೊಟ್ಟಿಕ್ತಾ ಸಿಲಿಂಡರ್ ಗೋಡೆ ಮೇಲಿಂದ ಆಯಿಲ್ ಸಂಪ್‌ಗೆ ಡೀಸೆಲ್ ಇಳೀತಿರಬಹುದು. ಆ ಗಾಡೀನ ಹಾಗೇ ಓಡಿಸ್ಬೇಡಿ, ಬೇರಿಂಗ್ ಹೋಗತ್ತೆ.

ಯಾವ ಸಿಲಿಂಡರ್ ಅಂತ ಹಿಡಿಯೋಕೆ ಹಳೇ ವಿಧಾನ ಈಗಲೂ ಚೆನ್ನಾಗಿದೆ, ಆದ್ರೆ ಮೆಕ್ಯಾನಿಕಲ್ ಪಂಪ್ ಗಾಡಿಗೆ ಮಾತ್ರ. ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಒಂದೊಂದೇ ನಾಝಲ್‌ಗೆ ಬರೋ ಪ್ರೆಶರ್ ಪೈಪಿನ ನಟ್ಟನ್ನ ಮೇಲೆ ದಪ್ಪ ಬಟ್ಟೆ ಸುತ್ತಿ ಅರ್ಧ ಸುತ್ತು ಲೂಸ್ ಮಾಡಿ. ಆ ಸಿಲಿಂಡರ್ ಸರಿ ಇದ್ರೆ ಎಂಜಿನ್ ತಕ್ಷಣ ಸುಸ್ತಾಗತ್ತೆ, ಆರ್‌ಪಿಎಂ ಬೀಳತ್ತೆ, ಶಬ್ದ ಬದಲಾಗತ್ತೆ. ಲೂಸ್ ಮಾಡಿದ್ರೂ ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡ್ತಿರಲಿಲ್ಲ. ನಟ್ ಲೂಸ್ ಮಾಡಿದ ತಕ್ಷಣ ನಾಕಿಂಗ್ ಶಬ್ದ ನಿಂತ್ರೆ ಅಥ್ವಾ ಹೊಗೆ ನಿಂತ್ರೆ ಅದೇ ಸಿಲಿಂಡರ್ ನಾಝಲ್ ಮೇಲೆ ಅನುಮಾನ. ಇಷ್ಟಕ್ಕೇ ನಾಝಲ್ ಅಂತ ತೀರ್ಮಾನಕ್ಕೆ ಬರ್ಬೇಡಿ, ಆಮೇಲೆ ಬಿಚ್ಚಿದಾಗ ಅನುಮಾನ ಇರೋ ನಾಝಲನ್ನ ಪಕ್ಕದ ಸಿಲಿಂಡರ್‌ಗೆ ಹಾಕಿ ನೋಡಿ, ತೊಂದ್ರೆ ನಾಝಲ್ ಜೊತೆ ಪಕ್ಕಕ್ಕೆ ಹೋದ್ರೆ ನಾಝಲ್ದೇ ತಪ್ಪು, ಹೋಗದೇ ಅಲ್ಲೇ ಉಳಿದ್ರೆ ವಾಲ್ವ್, ರಿಂಗ್, ಅಥ್ವಾ ಪಂಪಿನ ಡೆಲಿವರಿ ವಾಲ್ವ್ (ಪಂಪಿಂದ ಪೈಪಿಗೆ ಡೀಸೆಲ್ ಬಿಡೋ ವಾಲ್ವ್) ಕಡೆ ನೋಡ್ಬೇಕು. ಈ ಅದಲುಬದಲು ಪರೀಕ್ಷೆ ಮಾಡೋ ತಾಳ್ಮೆ ಬಹಳ ಜನಕ್ಕೆ ಇರಲ್ಲ, ಆದ್ರೆ ಇದೊಂದು ಸಾವಿರಾರು ರೂಪಾಯಿ ಉಳಿಸತ್ತೆ.

ಏನೇನು ಬೇಕು

ರಿಂಗ್ ಮತ್ತು ಓಪನ್ ಸ್ಪ್ಯಾನರ್ ಸೆಟ್ (ಪ್ರೆಶರ್ ಪೈಪ್ ನಟ್‌ಗೆ ಸಾಮಾನ್ಯವಾಗಿ 17 ಇಲ್ಲಾ 19), ಟಾರ್ಕ್ ರೆಂಚ್, ಸ್ಲೈಡ್ ಹ್ಯಾಮರ್ ಥರದ ನಾಝಲ್ ಪುಲ್ಲರ್, ತುಕ್ಕು ಬಿಡಿಸೋ ಸ್ಪ್ರೇ, ಹಿತ್ತಾಳೆ ಬ್ರಷ್, ಪೈಪ್ ಬಾಯಿ ಮುಚ್ಚೋಕೆ ಪ್ಲಾಸ್ಟಿಕ್ ಕ್ಯಾಪ್, ಮುಚ್ಚಳ ಇರೋ ಸ್ಟೀಲ್ ಡಬ್ಬಿಗಳು ಸಿಲಿಂಡರ್‌ಗೆ ಒಂದರಂತೆ, ಫಿಲ್ಟರ್ ಮಾಡಿದ ಡೀಸೆಲ್, ಕಂಪ್ರೆಸರ್ ಗಾಳಿ, ಅದೇ ದಪ್ಪದ ಹೊಸ ತಾಮ್ರದ ವಾಷರ್‌ಗಳು, ಓವರ್‌ಫ್ಲೋ ಪೈಪಿನ ಬ್ಯಾಂಜೋ (ನಡುವೆ ತೂತಿರೋ) ಬೋಲ್ಟಿನ ವಾಷರ್‌ಗಳು, ಹೊಸ ಡೀಸೆಲ್ ಫಿಲ್ಟರ್. ಬನಿಯನ್ ವೇಸ್ಟ್ ಇಲ್ಲಾ ಕಾಟನ್ ವೇಸ್ಟ್ ಹೊರಗಡೆ ಒರೆಸೋಕೆ ಮಾತ್ರ, ಒಳ ಪಾರ್ಟ್‌ಗಳ ಹತ್ರ ಅದನ್ನ ತರಲೇಬೇಡಿ, ನೂಲಿನ ಎಳೆ ಒಂದು ಸಾಕು ತೂತು ಕಟ್ಟೋಕೆ. ಬೆಂಗಳೂರಿನೋರಿಗೆ ಜೆಸಿ ರೋಡ್‌ನಲ್ಲಿ ವಾಷರ್ ಎಲ್ಲ ಸಿಗತ್ತೆ, ಬೇರೆ ಕಡೆಯೋರು ಗಾಡಿ ಬಿಚ್ಚೋಕೆ ಮುಂಚೆನೇ ತರಿಸಿಟ್ಕೊಳ್ಳಿ, ಬಿಚ್ಚಾದ ಮೇಲೆ ಸಿಗಲ್ಲ ಅಂತ ಹಳೇದೇ ಹಾಕೋದು ಬೇಡ.

ಬಿಚ್ಚೋದು

ಹಿಂದಿನ ರಾತ್ರೀನೇ ನಾಝಲ್ ಬುಡದ ಸುತ್ತ, ಸ್ಟಡ್‌ಗಳ ಮೇಲೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಬಿಡಿ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿ ಚಕ್ರಕ್ಕೆ ಅಡ್ಡ ಕೊಟ್ಟು ಬ್ಯಾಟರಿ ನೆಗೆಟಿವ್ ತೆಗೀರಿ. ಆಮೇಲೆ ಬಹಳ ಜನ ಬಿಟ್ಟುಬಿಡೋ ಕೆಲಸ ಒಂದಿದೆ, ಸಿಲಿಂಡರ್ ಹೆಡ್ ಮೇಲ್ಭಾಗ, ಪೈಪ್ ಜಾಯಿಂಟ್‌ಗಳು, ಪಂಪ್ ಮೇಲ್ಭಾಗ ಎಲ್ಲ ಡೀಸೆಲ್ ಹಾಕಿ ಬ್ರಷ್‌ನಲ್ಲಿ ತೊಳೆದು ಗಾಳಿ ಹೊಡೆದು ಒಣಗಿಸ್ಬೇಕು. ಕ್ವಾರಿ, ಮರಳು ಲೋಡ್ ಹೊಡೆಯೋ ಗಾಡಿ ಆದ್ರೆ ಅಲ್ಲಿ ದಪ್ಪಕ್ಕೆ ಧೂಳು ಕೂತಿರತ್ತೆ, ನೀವು ನಟ್ ಬಿಚ್ಚಿದ ಕೂಡ್ಲೇ ಅದು ಪೈಪಿನೊಳಗೆ, ಸಿಲಿಂಡರ್ ಒಳಗೆ ಬೀಳತ್ತೆ. ನಾಝಲ್ ಒಳಗೆ ಮೇಲೆ ಕೆಳಗೆ ಆಡಿ ಡೀಸೆಲ್ ಬಿಡೋ, ತಡೆಯೋ ನೀಡಲ್‌ಗೂ ಅದರ ಬಾಡಿಗೂ ನಡುವೆ ಇರೋ ಗ್ಯಾಪ್ ಬರೀ 2-3 ಮೈಕ್ರಾನ್, ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ಇರತ್ತೆ. ಕಣ್ಣಿಗೆ ಕಾಣದ ಧೂಳೂ ಅಲ್ಲಿ ಕಲ್ಲೇ.

ಈಗ ಮೊದ್ಲು ಓವರ್‌ಫ್ಲೋ ಪೈಪ್, ಅಂದ್ರೆ ನಾಝಲ್‌ಗಳ ತಲೆ ಮೇಲೆ ಸಾಲಾಗಿ ಹೋಗಿರೋ ಸಣ್ಣ ರಿಟರ್ನ್ ಲೈನ್ ತೆಗೀರಿ, ಬ್ಯಾಂಜೋ ಬೋಲ್ಟ್ ವಾಷರ್‌ಗಳು ಸಿಲಿಂಡರ್ ತೂತಿನ ಹತ್ರ ಬೀಳದ ಹಾಗೆ ನೋಡ್ಕೊಳ್ಳಿ. ಆಮೇಲೆ ಪ್ರೆಶರ್ ಪೈಪ್‌ಗಳ ಕ್ಲಿಪ್ ಬಿಚ್ಚಿ, ಎರಡೂ ಕಡೆ ನಟ್ ಲೂಸ್ ಮಾಡಿ ಪೈಪನ್ನ ಪೂರ್ತಿ ಹೊರಗೆ ತೆಗೀರಿ. ಒಂದು ಕಡೆ ಮಾತ್ರ ಬಿಚ್ಚಿ ಪೈಪನ್ನ ಪಕ್ಕಕ್ಕೆ ಬಗ್ಗಿಸಿ ಜಾಗ ಮಾಡ್ಕೊಳ್ಳೋ ಅಭ್ಯಾಸ ಬಹಳ ಕೆಟ್ಟದ್ದು, ಬಗ್ಗಿಸಿದ ಪೈಪ್ ವಾಪಸ್ ಸರಿಯಾಗಿ ಕೂರಲ್ಲ, ಲೀಕ್ ಆಗತ್ತೆ, ಕೆಲವು ದಿನ ಕಳೆದು ದಾರಿ ಮಧ್ಯೆ ಬಿರುಕು ಬಿಡತ್ತೆ. ಪಂಪ್ ಕಡೆ ನಟ್ ಬಿಚ್ಚುವಾಗ ಕೆಳಗಿನ ಡೆಲಿವರಿ ವಾಲ್ವ್ ಹೋಲ್ಡರ್‌ನ ಇನ್ನೊಂದು ಸ್ಪ್ಯಾನರ್‌ನಲ್ಲಿ ಹಿಡ್ಕೊಂಡಿರಿ, ಅದೂ ಜೊತೆಗೆ ತಿರುಗಿದ್ರೆ ಪಂಪೇ ಲೀಕ್. ತೆಗೆದ ತಕ್ಷಣ ಪಂಪ್ ಕಡೆ, ನಾಝಲ್ ಕಡೆ, ಪೈಪಿನ ಎರಡೂ ತುದಿ ಎಲ್ಲದಕ್ಕೂ ಕ್ಯಾಪ್ ಹಾಕಿ. ಕ್ಯಾಪ್ ಇಲ್ಲ ಅಂದ್ರೆ ಹೊಸ ಪಾಲಿಥಿನ್ ಚೂರು ಮತ್ತೆ ರಬ್ಬರ್ ಬ್ಯಾಂಡ್ ಆದ್ರೂ ಸರಿ, ಬಟ್ಟೆ ತುರುಕೋದು ಬೇಡ.

ನಾಝಲ್ ಹೆಡ್‌ನಲ್ಲಿ ಹೇಗೆ ಕೂತಿರತ್ತೆ ಅನ್ನೋದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಕೆಲವದರಲ್ಲಿ ಎರಡು ಸ್ಟಡ್‌ನ ಕ್ಲ್ಯಾಂಪ್, ಕೆಲವದರಲ್ಲಿ ದೊಡ್ಡ ರಿಂಗ್ ನಟ್, ಅದಕ್ಕೆ ಖಾಚ್ (ಕಚ್ಚು) ಇರೋ ಸ್ಪೆಷಲ್ ಸಾಕೆಟ್ ಬೇಕು. ಉಳಿ ಸುತ್ತಿಗೆ ಇಟ್ಟು ಬಡಿದು ರಿಂಗ್ ನಟ್ ಬಿಚ್ಚೋರನ್ನ ನೋಡಿದೀನಿ, ಖಾಚ್ ಹಾಳಾದ್ರೆ ಮುಂದಿನ ಸಲ ಯಾರಿಗೂ ಬಿಚ್ಚೋಕಾಗಲ್ಲ, ದಯವಿಟ್ಟು ಸಾಕೆಟ್ ಎರವಲು ತನ್ನಿ. ಕ್ಲ್ಯಾಂಪ್ ಬಂದ ಮೇಲೆ ನಾಝಲ್‌ನ ಎಡಕ್ಕೆ ಬಲಕ್ಕೆ ತಿರುಗಿಸಿ ತಿರುಗಿಸಿ ಸಡಿಲ ಮಾಡಿ, ಪುಲ್ಲರ್ ಹಾಕಿ ನೇರಕ್ಕೆ ಮೇಲೆಳೀರಿ. ಹಿಡ್ಕೊಂಡಿದ್ರೆ ಎಂಜಿನ್ ಸ್ವಲ್ಪ ಬೆಚ್ಚಗೆ ಮಾಡಿದ್ರೆ ಸುಲಭ ಆಗತ್ತೆ. ಸ್ಕ್ರೂಡ್ರೈವರ್ ಕೊಟ್ಟು ಮೀಟಬೇಡಿ, ಹೆಡ್‌ಗೂ ಪೆಟ್ಟು, ನಾಝಲ್‌ಗೂ ಪೆಟ್ಟು. ಇನ್ನೊಂದು, ಕೆಲವು ಎಂಜಿನ್‌ಗಳಲ್ಲಿ ನಾಝಲ್ ಕೂರೋ ಜಾಗದಲ್ಲಿ ತಾಮ್ರದ ಸ್ಲೀವ್ ಇರತ್ತೆ, ಅದರ ಹೊರಗಡೆ ಕೂಲಿಂಗ್ ನೀರು ಓಡ್ತಿರತ್ತೆ, ಎಳೆದಾಗ ಸ್ಲೀವ್ ಕೂಡ ಕಿತ್ಕೊಂಡು ಬಂದ್ರೆ ನೀರು ಸಿಲಿಂಡರ್‌ಗೆ ಇಳಿಯತ್ತೆ. ನಿಮ್ಮ ಎಂಜಿನ್‌ನಲ್ಲಿ ಸ್ಲೀವ್ ಇದೆ ಅಂದ್ರೆ ಮೊದಲೇ ರೇಡಿಯೇಟರ್ ನೀರು ಇಳಿಸಿ.

ಹೊರಗೆ ಬಂದ ನಾಝಲ್‌ಗೆ ಸಿಲಿಂಡರ್ ನಂಬರ್ ಬರೆದು ಟ್ಯಾಗ್ ಕಟ್ಟಿ ಅದರದರ ಡಬ್ಬೀಲಿ ಇಡಿ. ತಾಮ್ರದ ವಾಷರ್ ನಾಝಲ್ ಜೊತೆ ಬಂತಾ ಅಂತ ನೋಡಿ, ಬರದಿದ್ರೆ ತೂತಿನ ತಳದಲ್ಲೇ ಅಂಟಿದೆ ಅಂತ ಅರ್ಥ, ತುದಿ ಬಗ್ಗಿಸಿದ ತಂತಿಯಿಂದ ಎತ್ತಿ ತೆಗೀರಿ. ಹಳೇ ವಾಷರ್ ಒಳಗಿರುವಾಗ್ಲೇ ಮೇಲೆ ಹೊಸದು ಹಾಕಿದ್ರೆ ನಾಝಲ್ ತುದಿ ಮೇಲಕ್ಕೆ ಉಳಿದು ಸ್ಪ್ರೇ ಪಿಸ್ಟನ್ ತಲೆಯ ಗುಂಡಿಗೆ (ಬೌಲ್) ಬೀಳೋ ಬದ್ಲು ಬೇರೆಲ್ಲೋ ಬೀಳತ್ತೆ, "ಕ್ಲೀನ್ ಮಾಡಿಸಿದ ಮೇಲೇ ಹೊಗೆ ಜಾಸ್ತಿ ಆಯ್ತು" ಅನ್ನೋ ದೂರುಗಳಲ್ಲಿ ಇದೂ ಒಂದು ಕಾರಣ. ತೂತುಗಳನ್ನ ಶುದ್ಧ ಬಟ್ಟೆಯಿಂದ ಮುಚ್ಚಿ.

ಈಗ ತುದಿ ನೋಡಿ. ಒಣಗಿದ ತೆಳು ಮಸಿ ಇದ್ರೆ ಪರವಾಗಿಲ್ಲ. ಒದ್ದೆ ಕರೀ ಜಿಡ್ಡು ಇದ್ರೆ ತೊಟ್ಟಿಕ್ತಿದೆ. ತುದಿ ನೀಲಿಯಾಗಿದ್ರೆ ಅತಿಯಾಗಿ ಬಿಸಿಯಾಗಿದೆ, ಗ್ಯಾಸ್ ಲೀಕ್ ಆಗಿರಬಹುದು, ಆ ನಾಝಲ್ ಮೇಲೆ ಹೆಚ್ಚು ಆಸೆ ಇಟ್ಕೋಬೇಡಿ.

ತೆರೆಯೋಕೆ ಮುಂಚೆ ಟೆಸ್ಟ್

ಹೊರಗಿನ ಕಾರ್ಬನ್ ಅಷ್ಟನ್ನೇ ಡೀಸೆಲ್‌ನಲ್ಲಿ ನೆನೆಸಿ ಹಿತ್ತಾಳೆ ಬ್ರಷ್‌ನಲ್ಲಿ ಮೆತ್ತಗೆ ತೆಗೆದು, ಹಾಗೇ ಟೆಸ್ಟ್ ಸ್ಟ್ಯಾಂಡ್‌ಗೆ ಹಾಕಿ. ನಿಮ್ಮ ಹತ್ರ ಸ್ಟ್ಯಾಂಡ್ ಇಲ್ಲ ಅಂದ್ರೆ ನಾಝಲ್‌ಗಳನ್ನ ಡಬ್ಬೀಲಿ ಮುಚ್ಚಿ ಪಂಪ್ ಅಂಗಡಿಗೆ (ಡೀಸೆಲ್ ಪಂಪ್, ನಾಝಲ್ ರಿಪೇರಿ ಮಾಡೋ ಕಡೆ) ತಗೊಂಡು ಹೋಗಿ, ಪಕ್ಕದಲ್ಲೇ ನಿಂತು ನೋಡಿ, ಪ್ರತಿ ನಾಝಲ್ ಎಷ್ಟಕ್ಕೆ ತೆರೀತು ಅಂತ ಬರ್ಕೊಳ್ಳಿ. ಒಳ್ಳೇ ಪಂಪ್ ಮೇಸ್ತ್ರಿ ನೀವು ನಿಂತು ನೋಡ್ತೀನಿ ಅಂದ್ರೆ ಬೇಜಾರು ಮಾಡ್ಕೊಳ್ಳಲ್ಲ, ಗೇಜ್ ತೋರಿಸಿ ವಿವರಿಸ್ತಾನೆ. ತೋರಿಸೋಕೆ ಒಪ್ಪದ ಅಂಗಡಿಗೆ ನಾನಂತೂ ನಾಝಲ್ ಕೊಡಲ್ಲ.

ಪ್ರೆಶರ್ ಸರಿ ಇದೆ, ಎಲ್ಲ ತೂತಿಂದಲೂ ಸಮನಾಗಿ ಮಂಜಿನ ಥರ ಬರ್ತಿದೆ, ತೊಟ್ಟಿಕ್ತಿಲ್ಲ ಅಂದ್ರೆ ಆ ನಾಝಲನ್ನ ತೆರೀಬೇಡಿ. ಸರಿ ಇರೋದನ್ನ ತೆರೆದು ಸಾಧಿಸೋದು ಏನೂ ಇಲ್ಲ, ಹೊಸ ವಾಷರ್ ಹಾಕಿ ವಾಪಸ್ ಹಾಕೋದಷ್ಟೇ.

ಒಳಗಿನ ಕ್ಲೀನಿಂಗ್

ಕೆಟ್ಟಿರೋದನ್ನ ಮಾತ್ರ ತೆರೀರಿ, ಅದೂ ಒಂದು ಮುಗಿದ ಮೇಲೆ ಇನ್ನೊಂದು. ಯಾಕಂದ್ರೆ ನೀಡಲ್ ಮತ್ತೆ ಬಾಡಿ ಜೋಡಿಯಾಗಿ ಉಜ್ಜಿ ಹೊಂದಿಸಿದ ಪಾರ್ಟ್‌ಗಳು, ಒಂದರ ನೀಡಲ್ ಇನ್ನೊಂದರ ಬಾಡಿಗೆ ಹಾಕೋ ಹಾಗೇ ಇಲ್ಲ. ನಾಝಲ್ ಕೂತಿರೋ ಹೋಲ್ಡರ್‌ನ ಮೆತ್ತನೆ ದವಡೆ ಹಾಕಿದ ವೈಸ್‌ನಲ್ಲಿ ಹಿಡೀರಿ. ಮೇಲೆ ಅಡ್ಜಸ್ಟಿಂಗ್ ಸ್ಕ್ರೂ ಇರೋ ಹಳೇ ಟೈಪ್ ಆದ್ರೆ ಮೊದ್ಲು ಅದನ್ನ ಸಡಿಲ ಮಾಡಿ ಸ್ಪ್ರಿಂಗ್ ಒತ್ತಡ ಇಳಿಸಿ, ಶಿಮ್ (ಸ್ಪ್ರಿಂಗ್ ಒತ್ತಡ ಹೊಂದಿಸೋ ತೆಳು ಬಿಲ್ಲೆ) ಟೈಪ್ ಆದ್ರೆ ನೇರವಾಗಿ ನಾಝಲ್ ನಟ್ ಬಿಚ್ಚಿ. ಶಿಮ್, ಸ್ಪ್ರಿಂಗ್, ಪಿನ್ ಯಾವ ಕ್ರಮದಲ್ಲಿ ಬಂತೋ ಹಾಗೇ ಸಾಲಾಗಿ ಇಡಿ, ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಳ್ಳಿ. ನೀಡಲನ್ನ ಹಿಂದಿನ ಕಡ್ಡಿ ಹಿಡಿದು ಎಳೀರಿ, ಉಜ್ಜಿದ ಹೊಳಪಿನ ಭಾಗ ಬೆರಳಲ್ಲಿ ಮುಟ್ಬೇಡಿ, ಕೈ ಬೆವರಿಗೂ ಅಲ್ಲಿ ತುಕ್ಕು ಕೂರತ್ತೆ. ನೀಡಲ್ ಹಿಡ್ಕೊಂಡಿದ್ರೆ ಡೀಸೆಲ್‌ನಲ್ಲಿ ರಾತ್ರಿ ಇಡೀ ನೆನೆಸಿ, ಇಕ್ಕಳ ಹಾಕಿ ಕೀಳೋದು ಬೇಡ.

ಕ್ಲೀನ್ ಮಾಡೋಕೆ ಎಲ್ಲಕ್ಕಿಂತ ಒಳ್ಳೇದು ಅಲ್ಟ್ರಾಸಾನಿಕ್ ಟಬ್, ಈಗ ಸುಮಾರು ಪಂಪ್ ಅಂಗಡಿಗಳಲ್ಲಿ ಇದೆ. ಅದಿಲ್ಲ ಅಂದ್ರೆ ನಾಝಲ್ ಕ್ಲೀನಿಂಗ್ ಕಿಟ್ ಬರತ್ತೆ, ಅದರಲ್ಲಿ ಹಿತ್ತಾಳೆ ಬ್ರಷ್, ಬಾಡಿ ಒಳಗಿನ ಗ್ಯಾಲರಿ ಕೆರೆಯೋ ಸಣ್ಣ ಸ್ಕ್ರೇಪರ್, ಸೀಟ್ (ನೀಡಲ್ ತುದಿ ಕೂತು ಮುಚ್ಚೋ ಜಾಗ) ಸ್ಕ್ರೇಪರ್, ತೂತು ಬಿಡಿಸೋ ಬೇರೆ ಬೇರೆ ಸೈಜ್ ಸೂಜಿ ತಂತಿಗಳು ಇರತ್ತೆ. ಹಳೇ ಲಾರಿ ನಾಝಲ್ ತೂತು ಸುಮಾರು ಕಾಲು ಮಿಲಿಮೀಟರ್ ಆಸುಪಾಸು, ತೂತಿನ ಸೈಜಿಗಿಂತ ಒಂದು ನಂಬರ್ ಸಣ್ಣ ತಂತಿ ಹಿಡಿಗೆ ಹಾಕಿ, ಹೊರಗೆ ಸ್ವಲ್ಪ ಮಾತ್ರ ಚಾಚಿರೋ ಹಾಗೆ ಹಿಡಿದು, ನಿಧಾನಕ್ಕೆ ತಿರುಗಿಸ್ತಾ ಒಳಗೆ ಬಿಡಿ, ತುರುಕಬೇಡಿ. ತಂತಿ ಒಳಗೆ ಮುರಿದ್ರೆ ಆ ನಾಝಲ್ ಕಥೆ ಮುಗೀತು. ಹೊಲಿಗೆ ಸೂಜಿ, ಕ್ಲಚ್ ಕೇಬಲ್ ಎಳೆ ಇವೆಲ್ಲ ಹಾಕಿದ್ರೆ ತೂತು ದೊಡ್ಡದಾಗಿ, ಅಂಡಾಕಾರ ಆಗಿ, ಸ್ಪ್ರೇ ಹನಿ ದಪ್ಪ ಆಗತ್ತೆ, ಆಮೇಲೆ ಯಾವ ಕ್ಲೀನಿಂಗೂ ಅದನ್ನ ಸರಿ ಮಾಡಲ್ಲ. ನೀಡಲ್ ತುದೀನ ಡೀಸೆಲ್‌ನಲ್ಲಿ ನೆನೆಸಿದ ಮೆತ್ತನೆ ಮರದ ಕಡ್ಡಿಯಿಂದ ಉಜ್ಜಿ. ಎಮರಿ ಪೇಪರ್, ಗ್ರೈಂಡಿಂಗ್ ಪೇಸ್ಟ್ ಅಂತ ಯಾರೇ ಹೇಳಿದ್ರೂ ಬೇಡವೇ ಬೇಡ, ಸೀಟ್ ಆ್ಯಂಗಲ್ ಕೈಲಿ ಉಜ್ಜಿ ತರೋ ಅಂಥದ್ದಲ್ಲ.

ಕ್ಲೀನ್ ಆದ ಮೇಲೆ ಲೆನ್ಸ್ ಇಟ್ಟು ನೋಡಿ. ನೀಡಲ್ ಮೇಲೆ ಉದ್ದಕ್ಕೆ ಗೀರು, ನೀಲಿ ಬಣ್ಣ, ಸೀಟ್ ಹತ್ರ ಸವೆದ ಉಂಗುರ ಇದ್ರೆ ಹೊಸ ನಾಝಲ್ ಹಾಕೋದೇ ದಾರಿ. ಸರಿ ಇದ್ರೆ ಬೀಳೋ ಪರೀಕ್ಷೆ ಮಾಡಿ, ಎರಡನ್ನೂ ಶುದ್ಧ ಡೀಸೆಲ್‌ನಲ್ಲಿ ಅದ್ದಿ, ಬಾಡಿಯನ್ನ ಓರೆಯಾಗಿ ಹಿಡಿದು, ನೀಡಲನ್ನ ಮೂರರಲ್ಲಿ ಒಂದು ಭಾಗ ಹೊರಗೆಳೆದು ಬಿಟ್ರೆ ಅದು ತನ್ನ ಭಾರಕ್ಕೇ ಜಾರಿ ಸೀಟ್ ಮೇಲೆ ಕೂರ್ಬೇಕು. ಸ್ವಲ್ಪ ತಿರುಗಿಸಿ ಮತ್ತೆ ಮಾಡಿ, ಎಲ್ಲ ಸ್ಥಾನದಲ್ಲೂ ಹಾಗೇ ಜಾರ್ಬೇಕು, ತಡೆದು ತಡೆದು ಇಳಿದ್ರೆ ಇನ್ನೂ ಕೊಳೆ ಇದೆ ಇಲ್ಲಾ ಬಗ್ಗಿದೆ.

ಹೊಸ ನಾಝಲ್ ತರ್ಬೇಕಾದ್ರೆ ಹಳೇದರ ಮೇಲೆ ಕೆತ್ತಿರೋ ನಂಬರ್ ಪೂರ್ತಿ ಹೊಂದಬೇಕು. ಡಿಎಲ್‌ಎಲ್‌ಎ 150 ಪಿ ಥರ ಇರತ್ತಲ್ಲ, ಅದರಲ್ಲಿ 150 ಅನ್ನೋದು ಸ್ಪ್ರೇ ಹರಡೋ ಕೋನ, ಅದರ ಮುಂದಿನ ನಂಬರ್ ಇನ್ನುಳಿದ ವಿವರಕ್ಕೆ. "ಇದೂ 407ಗೇ ಬರತ್ತೆ ಹಾಕಿ" ಅಂತ ಬೇರೆ ನಂಬರಿಂದು ಕೊಟ್ರೆ ತಗೋಬೇಡಿ, ಅದೇ ಹೆಸರಿನ ಗಾಡೀಲಿ ವರ್ಷ ವರ್ಷಕ್ಕೆ ಎಂಜಿನ್ ಬದಲಾಗಿದೆ, 407 ರೋಡಿಗೆ ಬಂದಿದ್ದೇ 1986ರಲ್ಲಿ, ಅವತ್ತಿನ ಎಂಜಿನ್ನೇ ಇವತ್ತೂ ಇಲ್ವಲ್ಲ.

ಜೋಡಿಸುವಾಗ ಎಲ್ಲ ಪಾರ್ಟ್ ಶುದ್ಧ ಡೀಸೆಲ್‌ನಲ್ಲಿ ಅದ್ದಿ ಒದ್ದೆಯಾಗೇ ಜೋಡಿಸಿ, ಬಟ್ಟೇಲಿ ಒರೆಸ್ಬೇಡಿ. ಪಾರ್ಟ್‌ಗಳನ್ನ ಸರಿ ಜಾಗಕ್ಕೆ ಹಿಡಿಯೋ ಸಣ್ಣ ಡೋವೆಲ್ ಪಿನ್ ಇದ್ರೆ ತೂತಿಗೆ ಸರಿಯಾಗಿ ಕೂತಿದ್ಯಾ ನೋಡಿ, ನಟ್ ಮೊದ್ಲು ಕೈಲಿ, ಆಮೇಲೆ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ. ಜಾಸ್ತಿ ಬಿಗಿದ್ರೆ ಬಾಡಿ ಅದುಮಿ ನೀಡಲ್ ಹಿಡ್ಕೊಳತ್ತೆ.

ಸ್ಟ್ಯಾಂಡ್ ಮೇಲೆ ಏನು ನೋಡ್ಬೇಕು

ಮೊದ್ಲು ಕೆಲವು ಸಲ ಜೋರಾಗಿ ಪಂಪ್ ಮಾಡಿ ಒಳಗಿನ ಗಾಳಿ, ಕೊಳೆ ಹೊರಗೆ ಹೋಗಲಿ. ಆಮೇಲೆ ನಿಧಾನಕ್ಕೆ ಲಿವರ್ ಒತ್ತುತ್ತಾ ಗೇಜ್ ನೋಡಿ, ಮುಳ್ಳು ಏರ್ತಾ ಹೋಗಿ ಯಾವ ಹಂತದಲ್ಲಿ ನಾಝಲ್ ತೆರೆದು ಮುಳ್ಳು ಅದುರತ್ತೋ ಅದೇ ಓಪನಿಂಗ್ ಪ್ರೆಶರ್. ನಿಮ್ಮ ಎಂಜಿನ್ ಮ್ಯಾನ್ಯುಯಲ್‌ನಲ್ಲಿರೋ ಸಂಖ್ಯೆಗೆ ಅದು ಬರ್ಬೇಕು. ಕಮ್ಮಿ ಇದ್ರೆ ಸ್ಕ್ರೂ ಟೈಪ್‌ನಲ್ಲಿ ಸ್ಕ್ರೂ ಬಿಗೀಬೇಕು, ಶಿಮ್ ಟೈಪ್‌ನಲ್ಲಿ ದಪ್ಪ ಶಿಮ್ ಹಾಕ್ಬೇಕು, 0.1 ಮಿಮೀ ಶಿಮ್‌ಗೆ ಅಂದಾಜು 10 ಬಾರ್ ವ್ಯತ್ಯಾಸ ಬರತ್ತೆ, ಸ್ಪ್ರಿಂಗ್ ಮೇಲೆ ಹೆಚ್ಚುಕಮ್ಮಿ ಆಗತ್ತೆ. ಹೊಸ ಸ್ಪ್ರಿಂಗ್ ಹಾಕಿದ್ರೆ ಓಡ್ತಾ ಓಡ್ತಾ ಸ್ವಲ್ಪ ಕೂರತ್ತೆ ಅಂತ ಸುಮಾರು 10 ಬಾರ್ ಜಾಸ್ತಿನೇ ಇಡ್ತಾರೆ. ಒಂದೇ ಎಂಜಿನ್ನಿನ ಎಲ್ಲ ನಾಝಲ್‌ಗಳೂ ಒಂದಕ್ಕೊಂದು ಹತ್ರ ಇರ್ಬೇಕು, ಒಂದು 190, ಇನ್ನೊಂದು 215 ಅಂತಿದ್ರೆ ಐಡ್ಲಿಂಗ್ ಯಾವತ್ತೂ ನುಣ್ಣಗೆ ಬರಲ್ಲ.

ಲೀಕ್ ಪರೀಕ್ಷೆಗೆ ತುದಿ ಒರೆಸಿ ಒಣಗಿಸಿ, ಓಪನಿಂಗ್ ಪ್ರೆಶರ್‌ಗಿಂತ 20 ಬಾರ್ ಕೆಳಗೆ ತಂದು 10 ಸೆಕೆಂಡ್ ಹಿಡಿದಿಡಿ. ಈ 10 ಸೆಕೆಂಡ್‌ನಲ್ಲಿ ತುದಿಯಿಂದ ಹನಿ ಬೀಳಬಾರದು. ಬಿದ್ರೆ ಸೀಟ್ ಹಿಡೀತಿಲ್ಲ, ಮತ್ತೆ ತೆಗೆದು ಕ್ಲೀನ್ ಮಾಡಿ ನೋಡಿ, ಆಗಲೂ ಬಿದ್ರೆ ನಾಝಲ್ ಬದಲಾಯಿಸಿ. ಹನಿ ತಾನೇ, ಓಡತ್ತೆ ಬಿಡಿ ಅನ್ನೋರ ಮಾತು ಕೇಳ್ಬೇಡಿ, ಪಿಸ್ಟನ್ ತಲೆ ಸುಟ್ಟು ತೂತು ಬೀಳೋದು ಇಂಥ ಹನಿಯಿಂದಲೇ.

ಆಮೇಲೆ ಶಬ್ದ. ಒಳ್ಳೇ ನಾಝಲ್ ಲಿವರ್ ಒತ್ತುವಾಗ ಎಣ್ಣೆ ಕಾಣದ ಬಾಗಿಲ ಕೀಲಿನ ಹಾಗೆ ಕಿರ್ರ್ ಕಿರ್ರ್ ಅನ್ನತ್ತೆ, ನೀಡಲ್ ಬೇಗ ಬೇಗ ತೆರೆದು ಮುಚ್ಚೋ ಶಬ್ದ ಅದು, ಸ್ವಲ್ಪ ಹಳೇದಾದ್ರೆ ಸದ್ದು ಕಮ್ಮಿ ಇರಬಹುದು ಆದ್ರೆ ಪೂರ್ತಿ ಮೂಕ ಆಗಿ ಬರೀ ಸೋರಿದ್ರೆ ಅದು ಕೆಲಸಕ್ಕಿಲ್ಲ. ಸ್ಪ್ರೇಯಲ್ಲಿ ಎಷ್ಟು ತೂತಿದೆಯೋ ಅಷ್ಟೂ ಎಳೆ ಕಾಣ್ಬೇಕು, ಎಲ್ಲ ಒಂದೇ ಉದ್ದ, ನುಣುಪು ಮಂಜು, ಯಾವುದರಲ್ಲೂ ನೀರು ಪಿಚಕಾರಿ ಥರ ಗಟ್ಟಿ ಧಾರೆ ಬರಬಾರದು.

ವಾಪಸ್ ಕೂರಿಸೋದು

ಹೆಡ್‌ನಲ್ಲಿ ವಾಷರ್ ಕೂರೋ ಜಾಗ ಕಾರ್ಬನ್ ಇಲ್ಲದೆ ಚಪ್ಪಟೆ ಆಗಿರ್ಬೇಕು. ಕೆರೆಯೋ ಉಪಕರಣಕ್ಕೆ ಗ್ರೀಸ್ ಹಚ್ಚಿದ್ರೆ ಪುಡಿ ಅದಕ್ಕೇ ಅಂಟಿ ಬರತ್ತೆ, ಉಳಿದದ್ದು ಹೋಗೋಕೆ ತೂತುಗಳ ಮೇಲೆ ಬಟ್ಟೆ ಮುಚ್ಚಿ, ಎಂಜಿನ್ ನಿಲ್ಲಿಸೋ ಸ್ಟಾಪ್ ಕೇಬಲ್ ಎಳೆದು, ಬ್ಯಾಟರಿ ಹಾಕಿ ಒಂದೆರಡು ಸುತ್ತು ಸೆಲ್ಫ್ ಹೊಡೀರಿ, ಆಗ ಯಾರೂ ಹೆಡ್ ಮೇಲೆ ಬಗ್ಗಿರಬಾರದು. ಹೊಸ ವಾಷರ್ ಒಂದೇ ಒಂದು, ಹಳೇದರಷ್ಟೇ ದಪ್ಪ, ಅದನ್ನ ಸ್ವಲ್ಪ ಗ್ರೀಸ್‌ನಿಂದ ನಾಝಲ್‌ಗೆ ಅಂಟಿಸಿ ಇಳಿಸಿದ್ರೆ ಬೀಳಲ್ಲ. ಎರಡು ಸ್ಟಡ್ ಕ್ಲ್ಯಾಂಪ್ ಆದ್ರೆ ಒಂದು ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದು ಮಾಡ್ಬೇಡಿ, ಆಚೆ ಈಚೆ ಸ್ವಲ್ಪ ಸ್ವಲ್ಪ ಬಿಗಿಯುತ್ತಾ ಮ್ಯಾನ್ಯುಯಲ್ ಟಾರ್ಕ್‌ಗೆ ತನ್ನಿ. ಓರೆ ಕೂತ ನಾಝಲ್‌ನಲ್ಲಿ ಗ್ಯಾಸ್ ಲೀಕ್ ಆಗಿ ತುದಿ ಸುಡತ್ತೆ. ಪ್ರೆಶರ್ ಪೈಪ್‌ಗಳು ಎರಡೂ ಕಡೆ ಕೈಯಲ್ಲೇ ನಾಲ್ಕೈದು ಸುತ್ತು ಹೋಗ್ಬೇಕು, ಸ್ಪ್ಯಾನರ್ ಹಾಕಿ ಎಳೆದು ಕೂರಿಸೋ ಹಾಗಿದ್ರೆ ಪೈಪ್ ಸರಿ ಇಲ್ಲ. ಪಂಪ್ ಕಡೆ ಬಿಗಿದು, ನಾಝಲ್ ಕಡೆ ಲೂಸ್ ಬಿಡಿ. ಕ್ಲಿಪ್‌ಗಳನ್ನ ಮರೀಬೇಡಿ, ಕ್ಲಿಪ್ ಇಲ್ಲದ ಪೈಪ್ ನಡುಗಿ ನಡುಗಿ ಮುರಿಯತ್ತೆ.

ಇನ್ನು ಏರ್ ತೆಗೆಯೋದು. ಹೊಸ ಡೀಸೆಲ್ ಫಿಲ್ಟರ್ ಈಗಲೇ ಹಾಕಿ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಲೂಸ್ ಮಾಡಿ ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ ಒತ್ತಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗೀರಿ, ಆಮೇಲೆ ಪಂಪಿನ ಬ್ಲೀಡ್ ಸ್ಕ್ರೂನಲ್ಲೂ ಹಾಗೇ. ನಂತರ ಆಕ್ಸಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ, ಒಂದು ಸಲಕ್ಕೆ 15 ಸೆಕೆಂಡ್ ಮೀರಬೇಡಿ, ನಡುವೆ ಒಂದು ನಿಮಿಷ ಬಿಡಿ, ಇಲ್ಲಾಂದ್ರೆ ಸೆಲ್ಫ್ ಮೋಟಾರ್ ಸುಡತ್ತೆ. ನಾಝಲ್ ಕಡೆ ಪೈಪ್‌ಗಳಿಂದ ಡೀಸೆಲ್ ಬಂದ ಮೇಲೆ ನಟ್ ಬಿಗಿದು, ಕಾಲು ತೆಗೆದು ಸ್ಟಾರ್ಟ್ ಮಾಡಿ. ಒಂದೆರಡು ನಿಮಿಷ ಏರುಪೇರಾಗಿ ಓಡಿ ಆಮೇಲೆ ನುಣ್ಣಗಾಗತ್ತೆ. ಲೀಕ್ ನೋಡೋದು ಒಂದು ರಟ್ಟಿನ ಚೂರು ಹಿಡಿದು, ಕೈಯಿಂದ ಸವರಿ ನೋಡೋದಲ್ಲ. ನಾಝಲ್ ಬುಡದಲ್ಲಿ ಚಫ್ ಚಫ್ ಅಂತ ಸದ್ದು ಬಂದ್ರೆ, ಎರಡು ಹನಿ ಡೀಸೆಲ್ ಹಾಕಿದಾಗ ಗುಳ್ಳೆ ಎದ್ರೆ ವಾಷರ್ ಹಿಡೀತಿಲ್ಲ. ಲೋಡ್‌ನಲ್ಲಿ ಒಂದು ಟ್ರಿಪ್ ಹೋಗಿ ಬಂದ ಮೇಲೆ ಎಂಜಿನ್ ತಣ್ಣಗಾದಾಗ ಎಲ್ಲ ಜಾಯಿಂಟ್ ಇನ್ನೊಮ್ಮೆ ನೋಡಿ, ಮುಂಚೆ ಆಯಿಲ್‌ನಲ್ಲಿ ಡೀಸೆಲ್ ಸೇರಿದ್ರೆ ಎಂಜಿನ್ ಆಯಿಲೂ ಬದಲಾಯಿಸಿ.

ಕಾಮನ್ ರೈಲ್ ಗಾಡಿ ಇರೋರಿಗೆ

ಹೊಗೆ ಮಿತಿಯ ಸರ್ಕಾರಿ ನಿಯಮ 2017ರ ಏಪ್ರಿಲ್‌ನಿಂದ ದೇಶ ಪೂರ್ತಿ ಬಿಎಸ್ 4, 2020ರ ಏಪ್ರಿಲ್‌ನಿಂದ ಬಿಎಸ್ 6 ಆಯ್ತು, ಇದರಿಂದಾಚೆ ಬಂದ ಲಾರಿಗಳಲ್ಲಿ ಹೆಚ್ಚಿನವು ಕಾಮನ್ ರೈಲ್. ಇವುಗಳಲ್ಲಿ ಪ್ರೆಶರ್ 1,600 ಬಾರ್, ಅದಕ್ಕೂ ಮೇಲೆ. ಎಂಜಿನ್ ಓಡುವಾಗ ಪೈಪ್ ನಟ್ ಲೂಸ್ ಮಾಡೋ ಮೇಲಿನ ಪರೀಕ್ಷೆ ಇಲ್ಲಿ ಮಾಡಿದ್ರೆ ಪ್ರಾಣಕ್ಕೇ ಅಪಾಯ, ಎಂಜಿನ್ ಆಫ್ ಮಾಡಿದ ಮೇಲೂ ರೈಲ್ ಪ್ರೆಶರ್ ಇಳಿಯೋವರೆಗೆ ಕೈ ಹಾಕಬಾರದು. ಇಲ್ಲಿ ಪತ್ತೆ ಕೆಲಸ ಸ್ಕ್ಯಾನರ್‌ದು. ಒಂದೊಂದೇ ಸಿಲಿಂಡರ್ ಕಟ್ ಮಾಡಿ ನೋಡೋದು, ಇಂಜೆಕ್ಟರ್ (ಇಲ್ಲಿ ನಾಝಲ್ ಸೇರಿರೋ ಎಲೆಕ್ಟ್ರಾನಿಕ್ ಪಾರ್ಟ್) ಕರೆಕ್ಷನ್ ವ್ಯಾಲ್ಯೂ ನೋಡೋದು, ಆಮೇಲೆ ರಿಟರ್ನ್ ಲೈನ್‌ಗೆ ಅಳತೆ ಬಾಟಲಿ ಕಟ್ಟಿ ಯಾವ ಇಂಜೆಕ್ಟರ್ ಜಾಸ್ತಿ ವಾಪಸ್ ಬಿಡ್ತಿದೆ ಅಂತ ಹೋಲಿಸೋದು. ಬಿಚ್ಚಿ ಮನೇಲಿ ತೆರೆಯೋ ವಸ್ತು ಅದಲ್ಲ, ಕಾಮನ್ ರೈಲ್ ಟೆಸ್ಟ್ ಬೆಂಚ್ ಇರೋ ಲ್ಯಾಬ್‌ಗೇ ಕೊಡಿ. ಇಂಜೆಕ್ಟರ್ ತಲೆ ಮೇಲೆ ಕೆತ್ತಿರೋ ಕೋಡ್ ಫೋಟೋ ತೆಗೆದಿಡಿ, ಇಂಜೆಕ್ಟರ್ ಬದಲಾಯಿಸಿದ್ರೆ ಇಲ್ಲಾ ಸಿಲಿಂಡರ್ ಅದಲುಬದಲಾದ್ರೆ ಆ ಕೋಡ್ ಇಸಿಯುಗೆ (ಎಂಜಿನ್ ಕಂಪ್ಯೂಟರ್) ಬರೀಬೇಕು, ಬರೀದಿದ್ರೆ ಇಸಿಯು ಬೇರೆ ಇಂಜೆಕ್ಟರ್ ಲೆಕ್ಕದಲ್ಲಿ ಡೀಸೆಲ್ ಕೊಡತ್ತೆ. ಬಿಎಸ್ 6 ಗಾಡೀಲಿ ಕೆಟ್ಟ ಸ್ಪ್ರೇಯಿಂದ ಬರೋ ಮಸಿ ನೇರ ಡಿಪಿಎಫ್ (ಹೊಗೆ ಪೈಪಿನಲ್ಲಿ ಮಸಿ ಹಿಡಿಯೋ ಫಿಲ್ಟರ್) ಕಟ್ಟತ್ತೆ, ಹಾಗಾಗಿ ಡಿಪಿಎಫ್ ಪದೇ ಪದೇ ತುಂಬ್ತಿದ್ರೆ ಅದನ್ನೇ ತೊಳೆಸ್ತಾ ಕೂರೋ ಬದ್ಲು ಇಂಜೆಕ್ಟರ್ ನೋಡಿಸಿ.

ಬಾಟಲಿ ಕ್ಲೀನರ್, ಸೀಮೆಎಣ್ಣೆ, ಮತ್ತೆ ಟ್ಯಾಂಕ್

ಟ್ಯಾಂಕಿಗೆ ಸುರಿಯೋ ಕ್ಲೀನರ್ ಬಗ್ಗೆ ಎಲ್ಲರೂ ಕೇಳ್ತಾರೆ. ಶುರುವಿನ ಹಂತದ ಜಿಡ್ಡನ್ನ ಅದು ಸ್ವಲ್ಪ ಕರಗಿಸಬಹುದು, ಆದ್ರೆ ಸೋತ ಸ್ಪ್ರಿಂಗ್, ಸವೆದ ಸೀಟ್, ತೊಟ್ಟಿಕ್ಕೋ ನಾಝಲ್ ಯಾವುದಕ್ಕೂ ಅದು ಮದ್ದಲ್ಲ. ಸೀಮೆಎಣ್ಣೆ ಬೆರೆಸಿ ಕ್ಲೀನ್ ಆಗತ್ತೆ ಅನ್ನೋದು ಇನ್ನೂ ಕೆಟ್ಟದ್ದು, ಪಂಪ್ ಒಳಗೂ ನಾಝಲ್ ಒಳಗೂ ಲೂಬ್ರಿಕೇಷನ್ ಕೊಡೋದೇ ಡೀಸೆಲ್, ಅದು ತೆಳುವಾದ್ರೆ ಲೋಹಕ್ಕೆ ಲೋಹ ಉಜ್ಜಿ ಸವೆಯತ್ತೆ. ರಸ್ತೆ ಬದಿ ಕಮ್ಮಿ ರೇಟಿಗೆ ಬಯೋಡೀಸೆಲ್ ಅಂತ ಕ್ಯಾನ್‌ನಲ್ಲಿ ಮಾರೋ ಎಣ್ಣೆ ಹಾಕೋ ಅಣ್ಣಂದಿರಿಗೂ ಕೈ ಮುಗಿದು ಹೇಳ್ತೀನಿ, ಲೀಟರ್‌ಗೆ ಉಳಿಸಿದ್ದೆಲ್ಲ ಪಂಪ್ ಅಂಗಡಿಗೆ ಕೊಡ್ತೀರಿ.

ನಾಝಲ್ ಹಾಳಾಗೋದು ಹೆಚ್ಚಾಗಿ ನೀರು ಮತ್ತೆ ಧೂಳಿಂದ. ವಾಟರ್ ಸೆಪರೇಟರ್ ಕೆಳಗಿನ ಸ್ಕ್ರೂ ಬೆಳಗ್ಗೆ ಗಾಡಿ ಸ್ಟಾರ್ಟ್ ಮಾಡೋ ಮುಂಚೆ ಬಿಚ್ಚಿ ನೀರು ಇಳಿಸಿ, ಮಳೆಗಾಲದಲ್ಲಿ ತಪ್ಪಿಸ್ಲೇಬೇಡಿ. ರಾತ್ರಿ ನಿಲ್ಲಿಸೋ ಮುಂಚೆ ಟ್ಯಾಂಕ್ ತುಂಬಿಸಿದ್ರೆ ಒಳಗೆ ಗಾಳಿ ಕಮ್ಮಿ, ತೇವ ಹನಿಗಟ್ಟೋದೂ ಕಮ್ಮಿ. ಸೈಟ್‌ನಲ್ಲಿ ಡ್ರಮ್‌ನಿಂದ ಡೀಸೆಲ್ ಹಾಕೋರು ಡ್ರಮ್‌ನ ತಳದ ಒಂದಿಷ್ಟು ಡೀಸೆಲ್ ಬಿಟ್ಟು, ಒಳ್ಳೇ ಜಾಲರಿ ಸೋಸಿನಲ್ಲಿ ಸೋಸಿ ಹಾಕಿ. ಟ್ಯಾಂಕ್ ಮುಚ್ಚಳದ ರಬ್ಬರ್ ಹೋಗಿದ್ರೆ ಹೊಸದು ಹಾಕಿ, ಪಾಲಿಥಿನ್ ಕಟ್ಟಿ ಓಡಿಸೋದು ಬೇಡ. ಮಳೆಗಾಲ ಕಳೆದ ಮೇಲೆ ಒಂದ್ಸಲ ಟ್ಯಾಂಕಿನ ಡ್ರೈನ್ ಬೋಲ್ಟ್ ಬಿಚ್ಚಿ ತಳದ ಕೆಸರು ಇಳಿಸಿ. ಕ್ಲೀನಿಂಗ್‌ಗೆ ಬಳಸಿದ ಕೊಳೆ ಡೀಸೆಲನ್ನ ಚರಂಡಿಗೆ ಬಿಡ್ಬೇಡಿ, ಕ್ಯಾನ್‌ನಲ್ಲಿ ತುಂಬಿಟ್ಟು ವೇಸ್ಟ್ ಆಯಿಲ್ ತಗೊಳ್ಳೋರಿಗೆ ಕೊಡಿ. ಮತ್ತೆ ಟೆಸ್ಟ್‌ನಲ್ಲಿ ಬಂದ ಪ್ರೆಶರ್ ಲೆಕ್ಕ, ತಾರೀಖು, ಕಿಲೋಮೀಟರ್ ಮೂರನ್ನೂ ಗಾಡಿ ಡೈರೀಲಿ ಬರೆದಿಡಿ, ಮುಂದಿನ ಸಲ ಯಾವ ಸಿಲಿಂಡರ್ ನಾಝಲ್‌ನ ಪ್ರೆಶರ್ ಬೇಗ ಇಳೀತಿದೆ ಅಂತ ಅದನ್ನ ನೋಡಿದ್ರೇ ಗೊತ್ತಾಗತ್ತೆ.